ಟ್ರಿಂಕೋಮಲಿ ಫ್ರಿಗೇಟ್, 1:64: ಬಲ್ಕ್‌ಹೆಡ್‌ನಿಂದ ಹಗ್ಗದವರೆಗೆ

ಕೂವೆಮರ

ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ, 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದ ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಬ್ರಿಟಿಷ್ ಯುದ್ಧನೌಕೆಯ ಮಾದರಿ ಕಟ್ಟುವವರಿಗಾಗಿ ಈ ಚರ್ಚೆ. ಬಲ್ಕ್‌ಹೆಡ್‌ಗಳ, ಅಂದರೆ ಒಡಲಿನ ಆಕಾರಕ್ಕೆ ಕತ್ತರಿಸಿದ ಅಡ್ಡ ತುಂಡುಗಳ ಮೇಲೆ ಎರಡು ಪದರ ಹಲಗೆ ಹೊದಿಸುವ ಕ್ರಮ. ತೋಪಿನ ಡೆಕ್ಕಿನ ಉದ್ದ 45.83 ಮೀಟರ್, ಹಡಗಿನ ಅಗಲ 12.17 ಮೀಟರ್. 1:64ರಲ್ಲಿ ಇವು 716 ಮತ್ತು 190 ಮಿ.ಮೀ. ಮೂತಿಯಿಂದ ಮುಂದಕ್ಕೆ ಚಾಚುವ ಬೋಸ್ಪ್ರಿಟ್ ಕಂಬ ಸೇರಿದರೆ ಒಟ್ಟು ಉದ್ದ ಒಂದು ಮೀಟರ್ ದಾಟುತ್ತದೆ, ಗಾಜಿನ ಪೆಟ್ಟಿಗೆಯ ಲೆಕ್ಕ ಈಗಲೇ ಹಾಕಿಕೊಳ್ಳುವುದು ಒಳ್ಳೆಯದು.

ಈ ಅಳತೆಗೆ ಬಾಯಿಪಾಠ ಇರಬೇಕಾದ ಅಂಕಿ ಎರಡೇ: ನಿಜ ಹಡಗಿನ ಒಂದು ಇಂಚು ಇಲ್ಲಿ 0.4 ಮಿ.ಮೀ., ಒಂದು ಅಡಿ 4.76 ಮಿ.ಮೀ.

ಮೊದಲು ತೀರ್ಮಾನವಾಗಬೇಕಾದ್ದು ಯಾವ ವರ್ಷದ ಹಡಗು ಎಂಬುದು. ಆಮೇಲೆ ಅಸ್ಥಿಪಂಜರ, ಹಲಗೆ, ತಾಮ್ರ, ಹಗ್ಗ. ಬಲ್ಲವರು ಒಂದೊಂದೇ ಹಂತ ಬಿಡಿಸಿ ಬರೆಯಿರಿ.

ನಕ್ಷೆನೋಟ

ವರ್ಷದ ಪ್ರಶ್ನೆ ಮೊದಲು ಕೇಳಿದ್ದು ಸರಿಯಾಯಿತು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದು ನಿಂತಿರುವ ಹಡಗಿನ ಫೋಟೊಗಳನ್ನು ಕಣ್ಣುಮುಚ್ಚಿ ಅನುಸರಿಸಿದರೆ 1817ರ ಹಡಗು ಸಿಗುವುದಿಲ್ಲ. ಟ್ರಿಂಕೋಮಲಿ 1819ರ ಏಪ್ರಿಲ್‌ನಲ್ಲಿ ಪೋರ್ಟ್ಸ್‌ಮತ್ ತಲುಪಿದ ಮೇಲೆ 1845ರವರೆಗೂ ಮೀಸಲಿನಲ್ಲೇ ಇತ್ತು. ಆಗ ಅದನ್ನು ಫ್ರಿಗೇಟಿಗಿಂತ ಚಿಕ್ಕ ದರ್ಜೆಯಾದ ಕಾರ್ವೆಟ್ ಆಗಿ ಮಾರ್ಪಡಿಸಿದರು: ತೋಪುಗಳ ಸಂಖ್ಯೆ ಇಳಿಯಿತು, ಒಂದೊಂದರ ಬಲ ಹೆಚ್ಚಿತು, ಹಡಗಿನ ಹಿಂಬದಿಯ ಆಕಾರವೂ ಬದಲಾಯಿತು. 38 ತೋಪಿನ ಫ್ರಿಗೇಟ್ ಬೇಕೆಂದರೆ 1817ರ ರೂಪ, ಕೆಲಸ ಮಾಡಿದ ಹಡಗು ಬೇಕೆಂದರೆ 1847ರ ನಂತರದ ರೂಪ. ಎರಡನ್ನೂ ಬೆರೆಸಬೇಡಿ.

ಇನ್ನೊಂದು ಬಲೆ ಇದೆ. ಟ್ರಿಂಕೋಮಲಿ ಸೇರಿದ ಲೀಡಾ ವರ್ಗದ ಹಡಗುಗಳಲ್ಲಿ ಉಳಿದಿರುವುದು ಎರಡು. ಎರಡನೆಯದು ಸ್ಕಾಟ್ಲೆಂಡಿನ ಡಂಡಿಯಲ್ಲಿರುವ ಯೂನಿಕಾರ್ನ್, 1824ರದು. ಅದು ಬ್ರಿಟಿಷ್ ನೌಕಾ ವಿನ್ಯಾಸಕ ಸೆಪ್ಪಿಂಗ್ಸ್ ರೂಪಿಸಿದ ಪದ್ಧತಿಯಲ್ಲಿ ಕಟ್ಟಿದ್ದು, ಹಿಂಬದಿ ದುಂಡಗಿದೆ. ಅದರ ಫೋಟೊ ನೋಡಿ ಟ್ರಿಂಕೋಮಲಿಯ ಹಿಂಬದಿ ಕಟ್ಟಿದರೆ ಪೂರ್ತಿ ತಪ್ಪು. ಆದರೆ ಹಡಗಿನೊಡಲಿನ ಮೂಲ ರೇಖೆಗಳಿಗೆ ಲೀಡಾ ವರ್ಗದ ನಕ್ಷೆಗಳೇ ಆಧಾರ. ಅವುಗಳ ಮೂಲವೋ, 1782ರಲ್ಲಿ ಬ್ರಿಟಿಷರು ಸೆರೆಹಿಡಿದ ಫ್ರೆಂಚ್ ಫ್ರಿಗೇಟ್ ಹೆಬೆ.

ಬ್ರಿಟಿಷ್ ನೌಕಾದಳದ ನಕ್ಷೆಗಳು ಸಾಮಾನ್ಯವಾಗಿ ಒಂದು ಅಡಿಗೆ ಕಾಲಿಂಚು, ಅಂದರೆ 1:48. ಅವನ್ನು 75 ಶೇಕಡಾಕ್ಕೆ ಇಳಿಸಿದರೆ 1:64 ಸಿಗುತ್ತದೆ. ಮುದ್ರಿಸಿದ ಮೇಲೆ ಉದ್ದ, ಅಗಲ ಎರಡನ್ನೂ ಅಳೆಯಿರಿ. ಹಳೆಯ ಕಾಗದ ಒಂದು ದಿಕ್ಕಿಗೆ ಹೆಚ್ಚು ಕುಗ್ಗಿರುತ್ತದೆ, ಮುದ್ರಣಯಂತ್ರವೂ ಒಂದು ದಿಕ್ಕಿಗೆ ಎಳೆಯುತ್ತದೆ. 700 ಮಿ.ಮೀ.ಗೆ 3 ಮಿ.ಮೀ. ವ್ಯತ್ಯಾಸ ಬಂದರೂ ತೋಪಿನ ಕಿಂಡಿಗಳು ಹೊಂದುವುದಿಲ್ಲ.

ಬಲ್ಕ್‌ಹೆಡ್ ಕತ್ತರಿಸುವ ಮುನ್ನ ಇನ್ನೊಂದು ಲೆಕ್ಕ. ಈ ನಕ್ಷೆಗಳ ರೇಖೆಗಳು ಪಕ್ಕೆಲುಬುಗಳ ಹೊರ ಅಂಚನ್ನು ತೋರಿಸುತ್ತವೆ, ಹಲಗೆಯ ಹೊರಮೈಯನ್ನಲ್ಲ. ನಿಜ ಹಡಗಿನ ಹಲಗೆ 4 ಇಂಚು ದಪ್ಪವಿದ್ದರೆ ಮಾದರಿಯಲ್ಲಿ 1.6 ಮಿ.ಮೀ. ಆಗಬೇಕು. ನೀವು ಹೊದಿಸುವ ಎರಡು ಪದರಗಳು 1.5 ಮತ್ತು 0.6, ಒಟ್ಟು 2.1. ಆದ್ದರಿಂದ ಪ್ರತಿ ಬಲ್ಕ್‌ಹೆಡ್ಡಿನ ಅಂಚನ್ನೂ ಸುತ್ತಲೂ ಅರ್ಧ ಮಿ.ಮೀ. ಒಳಕ್ಕೆ ಎಳೆದು ಕತ್ತರಿಸಿ.

ಅರ ಮತ್ತು ಉಳಿ

ಅಸ್ಥಿಪಂಜರದ ಬಗ್ಗೆ ಬರೆಯುತ್ತೇನೆ. ಮುಂದೆ ಕಾಣುವ ಮುಕ್ಕಾಲು ಪಾಲು ದೋಷಗಳ ಬೇರು ಇಲ್ಲೇ ಇರುತ್ತದೆ.

ನಡುವಿನ ಬೆನ್ನೆಲುಬಿಗೆ 5 ಮಿ.ಮೀ. ಪ್ಲೈವುಡ್. ಅದನ್ನು ಗಾಜಿನ ಮೇಲೆ ಮಲಗಿಸಿ ನೋಡಿ; ಎಲ್ಲಾದರೂ ಅರ್ಧ ಮಿ.ಮೀ. ಎದ್ದಿದ್ದರೆ ಆ ತುಂಡು ಬೇಡ. ನೀರು ಹಾಕಿ, ಭಾರ ಹೇರಿ ನೇರ ಮಾಡಿದ ಪ್ಲೈ ಮಳೆಗಾಲ ಬಂದ ಕೂಡಲೇ ಹಳೆಯ ಬಾಗಿಗೇ ಮರಳುತ್ತದೆ.

ಬಲ್ಕ್‌ಹೆಡ್‌ಗಳ ನಡುವಿನ ಅಂತರ 30ರಿಂದ 35 ಮಿ.ಮೀ. ಇರಲಿ, ಅಂದರೆ ಸುಮಾರು 22 ಬಲ್ಕ್‌ಹೆಡ್. ಅಂತರ 50 ದಾಟಿದರೆ ಎರಡರ ನಡುವೆ ತೆಳು ಹಲಗೆ ಒಳಕ್ಕೆ ಕುಗ್ಗುತ್ತದೆ. ಬಣ್ಣ ಬಳಿದು ಬೆಳಕಿಗೆ ಹಿಡಿದಾಗ ಹಸಿದ ಕುದುರೆಯ ಪಕ್ಕೆಯಂತೆ ಏಣು ಏಣಾಗಿ ಕಾಣುತ್ತದೆ. ಮೊದಲ ಎರಡು ಮತ್ತು ಕೊನೆಯ ಎರಡು ಅಂಕಣಗಳಿಗೆ ಮೆದು ಮರದ ದಿಮ್ಮಿ ತುಂಬಿ. ಅಲ್ಲಿ ತಿರುವು ತೀವ್ರ, ಹಲಗೆಗೆ ಕೂರಲು ಮೈ ಬೇಕು.

ನಕ್ಷೆಯ ಅಡ್ಡಗೆರೆಗೆ ಬಲ್ಕ್‌ಹೆಡ್ಡಿನ ಯಾವ ಮುಖ ಹೊಂದಬೇಕು ಎಂಬುದು ಬಹಳ ಜನ ಗಮನಿಸದ ವಿಷಯ. ಹಡಗಿನ ಮುಂಭಾಗದಲ್ಲಿ ಬಲ್ಕ್‌ಹೆಡ್ಡಿನ ಹಿಂಮುಖ ಗೆರೆಯ ಮೇಲೆ ಕೂರಬೇಕು. ಮುಂದಿನ ಅಂಚನ್ನು ಓರೆಯಾಗಿ ಕೆತ್ತುತ್ತೀರಿ. ಹಿಂಭಾಗದಲ್ಲಿ ಮುಮ್ಮುಖ ಗೆರೆಯ ಮೇಲೆ, ಕೆತ್ತುವುದು ಹಿಂದಿನ ಅಂಚನ್ನು. ತಿರುಗುಮುರುಗಾದರೆ ಕೆತ್ತಿದಷ್ಟೂ ಹಡಗು ಸಣಕಲಾಗುತ್ತದೆ.

ಅಂಟು ಹಾಕುವಾಗ ಪ್ರತಿ ಬಲ್ಕ್‌ಹೆಡ್ಡಿಗೂ ಮೂಲೆಮಟ್ಟ ಹಿಡಿಯಿರಿ, ಎರಡೂ ಬದಿಗೆ. ಬಲ್ಕ್‌ಹೆಡ್‌ಗಳ ನಡುವೆ ಒಂದೇ ಅಳತೆಗೆ ಕೊಯ್ದ ಮರದ ತುಂಡುಗಳನ್ನು ಸಿಕ್ಕಿಸಿದರೆ ಒಣಗುವಾಗ ಓರೆಯಾಗುವುದಿಲ್ಲ. ಆ ತುಂಡುಗಳನ್ನು ಹಾಗೆಯೇ ಅಂಟಿಸಿಬಿಟ್ಟರೆ ಒಡಲು ತಿರುಚಿಕೊಳ್ಳದಷ್ಟು ಗಟ್ಟಿಯೂ ಆಗುತ್ತದೆ.

ಇನ್ನು ಹಿಂಬದಿಯ ತಳ. ಕೀಲ್, ಅಂದರೆ ಹಡಗಿನ ತಳದ ಉದ್ದ ತೊಲೆ, ಮತ್ತು ಚುಕ್ಕಾಣಿ ಕಟ್ಟುವ ಕಂಬ 6 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಎರಡು ಬದಿಯಿಂದ ಎರಡು ಪದರ ಹಲಗೆ ಬಂದರೆ 4.2 ಮಿ.ಮೀ. ಹಲಗೆಯೇ ಆಯಿತು. ಅದು ಕಂಬದ ಮೈಗೆ ಸಮವಾಗಿ ಮುಗಿಯಬೇಕೆಂದರೆ ಒಳಗಿನ 5 ಮಿ.ಮೀ. ಪ್ಲೈ ಅಲ್ಲಿ 1.8 ಮಿ.ಮೀ.ಗೆ ಸವೆಯಬೇಕು. ಹಲಗೆ ಹೊದಿಸುವ ಮುನ್ನವೇ ಉಳಿಯಿಂದ ಇಳಿಸಿ. ಇದನ್ನು ಬಿಟ್ಟ ಮಾದರಿಗಳಲ್ಲಿ ಚುಕ್ಕಾಣಿಗಿಂತ ಅದರ ಮುಂದಿನ ಒಡಲೇ ದಪ್ಪ. ಆಮೇಲೆ ಸರಿಪಡಿಸಲು ದಾರಿಯಿಲ್ಲ.

ಹಲಗೆಪಟ್ಟಿ

ಅರ ಮತ್ತು ಉಳಿ ಅವರು ಹೇಳಿದ ಓರೆ ಕೆತ್ತನೆ ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೆ ಒಂದು ಪರೀಕ್ಷೆ: 1.5 × 5 ಮಿ.ಮೀ. ಪಟ್ಟಿಯೊಂದನ್ನು ಒಣಗಿದ್ದಂತೆಯೇ ಒಡಲ ಮೇಲೆ ಬೆರಳಿನಿಂದ ಒತ್ತಿ ಹಿಡಿಯಿರಿ. ಒಂದೇ ಸಲಕ್ಕೆ ಕನಿಷ್ಠ ಐದು ಬಲ್ಕ್‌ಹೆಡ್‌ಗಳನ್ನು ಅದು ಪೂರ್ತಿ ಅಗಲಕ್ಕೆ ಮುಟ್ಟಬೇಕು. ಅಂಚಿಗಷ್ಟೇ ತಾಗಿದರೆ ಇನ್ನೂ ಕೆತ್ತಬೇಕು. ಮುಟ್ಟದೆ ನಿಂತರೆ ಹೆಚ್ಚು ಕೆತ್ತಿದ್ದೀರಿ, ಅಲ್ಲಿ 0.5 ಮಿ.ಮೀ. ತೆಳು ಪದರ ಅಂಟಿಸಿ ಮತ್ತೆ ಹದಕ್ಕೆ ತನ್ನಿ. ಪಟ್ಟಿಯನ್ನು ಉದ್ದಕ್ಕೆ ಮಾತ್ರವಲ್ಲ, ಓರೆಯಾಗಿ ಮೇಲಿನಿಂದ ಕೆಳಕ್ಕೂ ಹಿಡಿದು ನೋಡಿ. ಉಬ್ಬು ತಗ್ಗು ಬೇಗ ಸಿಕ್ಕಿಬೀಳುವುದು ಓರೆ ಹಿಡಿದಾಗಲೇ. ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಬೇಡಿ. 250 ಮಿ.ಮೀ. ಉದ್ದದ ಬಾಗುವ ಪಟ್ಟಿಗೆ ಅಂಟಿಸಿ, ಮೂರು ನಾಲ್ಕು ಬಲ್ಕ್‌ಹೆಡ್‌ಗಳ ಮೇಲೆ ಒಟ್ಟಿಗೆ ಎಳೆಯಿರಿ.

ಮೊದಲ ಪದರ ಎಡಕ್ಕೊಂದು ಬಲಕ್ಕೊಂದು ಸರದಿಯಲ್ಲಿ ಬರಲಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಒಣಗುವ ಅಂಟಿನ ಎಳೆತಕ್ಕೆ ಇಡೀ ಒಡಲು ಒಂದು ಕಡೆ ಬಾಗುತ್ತದೆ. ಮೊಳೆ ಹೊಡೆಯುವುದಾದರೆ 0.7 ಮಿ.ಮೀ. ತೂತು ಮೊದಲು ಕೊರೆದು ಹೊಡೆಯಿರಿ, ಅಂಟು ಹಿಡಿದ ಮೇಲೆ ಕಿತ್ತುಬಿಡಿ.

ಬಾಗಿಸುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಮರವನ್ನು ಬಾಗಿಸುವುದು ನೀರಲ್ಲ, ಬಿಸಿ. ಮರದ ನಾರುಗಳನ್ನು ಹಿಡಿದಿರುವ ಲಿಗ್ನಿನ್ ಬಿಸಿಗೆ ಮೆದುವಾಗುತ್ತದೆ, ತಣಿದಾಗ ಹೊಸ ಆಕಾರದಲ್ಲಿ ಬಿಗಿಯುತ್ತದೆ. ನೀರು ಬಿಸಿಯನ್ನು ಒಳಕ್ಕೆ ಒಯ್ಯುತ್ತದೆ, ಸುಡದಂತೆ ತಡೆಯುತ್ತದೆ, ಅಷ್ಟೇ. ಆದ್ದರಿಂದ ರಾತ್ರಿಯಿಡೀ ನೆನೆಹಾಕುವ ಅಗತ್ಯವಿಲ್ಲ. ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟು, ಬಿಸಿ ಕೊಳವೆಯ ಮೇಲೆ ಎಳೆದರೆ ಸಾಕು. ಹಸಿ ಪಟ್ಟಿಯನ್ನು ಮಾತ್ರ ನೇರವಾಗಿ ಅಂಟಿಸಬೇಡಿ. ನೆಂದ ಮರ ಅಗಲಕ್ಕೆ ಉಬ್ಬಿರುತ್ತದೆ. ಹಾಗೇ ಕೂರಿಸಿದರೆ ಒಣಗಿದ ಮೇಲೆ ಪ್ರತಿ ಜೋಡಣೆಯಲ್ಲೂ ಕೂದಲೆಳೆಯ ಸೀಳು ಬಿಡುತ್ತದೆ. ಜಾಗದಲ್ಲೇ ಕ್ಲಿಪ್ ಹಾಕಿ ಒಣಗಿಸಿ, ಬಿಚ್ಚಿ, ಆಮೇಲೆ ಅಂಟು ಹಾಕಿ. ಹಲ್ಲಿನಂಥ ದವಡೆಯಿಂದ ಪಟ್ಟಿಯ ಒಳಮೈಯನ್ನು ಕಚ್ಚಿ ಬಾಗಿಸುವ ಇಕ್ಕಳ ಬೇಡ, ಅದು ನಾರನ್ನೇ ಕಡಿಯುತ್ತದೆ.

ಕೂವೆಮರ

ಮೂಲ ಹಡಗು ತೇಗದ್ದು. ಕಾಣುವ ಎರಡನೇ ಪದರವನ್ನೂ ತೇಗದಲ್ಲೇ ಹೊದಿಸಬೇಕು ಎಂಬ ವಾದ ಆಗಾಗ ಕೇಳಿಬರುತ್ತದೆ. ಇದರ ಬಗ್ಗೆ ಏನೆನ್ನುತ್ತೀರಿ?

ಅರ ಮತ್ತು ಉಳಿ

ಮನಸ್ಸಿಗೆ ಹಿತವಾದ ವಾದ, ಕಣ್ಣಿಗೆ ಅಲ್ಲ. ತೇಗದ ರಂಧ್ರಗಳು ದೊಡ್ಡವು. 0.3 ಮಿ.ಮೀ.ನ ಒಂದು ರಂಧ್ರವನ್ನು 64ರಿಂದ ಗುಣಿಸಿ ನೋಡಿ: ಹಡಗಿನ ಹಲಗೆಯಲ್ಲಿ 19 ಮಿ.ಮೀ. ಅಗಲದ ಸೀಳು! ಎಳೆ ಹಡಗಿಗಿಂತ ದೊಡ್ಡದಾಗಿ ಕಾಣುತ್ತದೆ. ಜೊತೆಗೆ ತೇಗದ ಎಣ್ಣೆ ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟಿಸುವ ಮುನ್ನ ಅಸಿಟೋನ್‌ನಿಂದ ಒರೆಸಲೇಬೇಕು. ಎರಡನೇ ಪದರಕ್ಕೆ ಎಳೆ ಕಾಣದಷ್ಟು ಸಣ್ಣಗಿರುವ ಮರ ಬೇಕು. ಪೇರ್, ಬಾಕ್ಸ್‌ವುಡ್ ಎಲ್ಲರಿಗೂ ಗೊತ್ತಿರುವ ಆಯ್ಕೆ. ನಮ್ಮ ಮರಗಳಲ್ಲಿ ಅರಿಶಿನ ತೇಗ ಬಹಳ ಒಳ್ಳೆಯದು. ಹೆಸರಿನಲ್ಲಿ ತೇಗವಿದ್ದರೂ ಅದು ಬೇರೆಯೇ ಮರ. ಹಳದಿ, ನುಣುಪು, ಎಳೆ ಸಣ್ಣದು. ಬೊಂಬೆ ಕಡೆಯುವ ಹಾಲೆಮರ ಮೊದಲ ಪದರಕ್ಕೂ ತುಂಬುವ ದಿಮ್ಮಿಗೂ ಹೊಂದುತ್ತದೆ: ಬಿಳಿ, ಮೆದು, ಗಂಟಿಲ್ಲದ ತುಂಡು ಆರಿಸಬಹುದು.

ಪಟ್ಟಿಗಳನ್ನೆಲ್ಲ ಒಂದೇ ಹಲಗೆಯಿಂದ ಕೊಯ್ದು, ಕೊಯ್ದ ಕ್ರಮದಲ್ಲೇ ಅಂಕಿ ಹಾಕಿಡಿ. ಎಡಬಲಗಳಿಗೆ ಅಕ್ಕಪಕ್ಕದ ಪಟ್ಟಿಗಳನ್ನೇ ಬಳಸಿದರೆ ಬಣ್ಣ ಹೊಂದುತ್ತದೆ, ಬಾಗುವ ಗುಣವೂ ಒಂದೇ ಇರುತ್ತದೆ.

ಹಲಗೆಪಟ್ಟಿ

ಎರಡನೇ ಪದರದ ಲೆಕ್ಕ. ವೇಲ್ ಎಂಬ ದಪ್ಪ ಪಟ್ಟಿಯ ಕೆಳ ಅಂಚಿನಿಂದ ಕೀಲ್‌ವರೆಗೆ, ಹಡಗಿನ ನಡುಭಾಗದಲ್ಲಿ ಕಾಗದದ ಪಟ್ಟಿ ಹಿಡಿದು ಸುತ್ತಳತೆ ತೆಗೆದುಕೊಳ್ಳಿ. ಉದಾಹರಣೆಗೆ 120 ಮಿ.ಮೀ. ಬಂತು ಎನ್ನೋಣ. 4 ಮಿ.ಮೀ. ಹಲಗೆಯಾದರೆ 30 ಸಾಲು. ಅದೇ 30 ಸಾಲು ಮೂತಿಯಲ್ಲಿ 66 ಮಿ.ಮೀ.ನೊಳಗೆ ಸೇರಬೇಕಾದರೆ ಒಂದೊಂದಕ್ಕೆ 2.2 ಮಿ.ಮೀ. ಇದು ಸರಿ. 54 ಮಿ.ಮೀ. ಮಾತ್ರ ಇದ್ದರೆ 1.8 ಆಗುತ್ತದೆ. ಅರ್ಧಕ್ಕಿಂತ ಕಿರಿದು ಮಾಡಿದ ತುದಿಗೆ ನಿಜ ಹಡಗಿನಲ್ಲಿ ಮೊಳೆ ಹಿಡಿಯುವುದಿಲ್ಲ, ಮಾದರಿಯಲ್ಲಿ ಸೀಳುತ್ತದೆ. ಅಲ್ಲಿ ಎರಡು ಸಾಲು ಸೇರಿ ಒಂದಾಗುವಂತೆ ಕಚ್ಚು ಕೊಟ್ಟು ನಿಲ್ಲಿಸಬೇಕು. ಹಿಂಬದಿಯಲ್ಲಿ ಇದು ಉಲ್ಟಾ: 132 ಮಿ.ಮೀ. ಇದ್ದರೆ 30 ಸಾಲಿಗೆ 4.4 ಬೇಕಾಗುತ್ತದೆ, ಅಂದರೆ ಮೂರು ಹೆಚ್ಚುವರಿ ಹಲಗೆಗಳು ಹಿಂದಿನಿಂದ ನುಗ್ಗಿ ಬರಬೇಕು. ಈ ಅಳತೆಗಳನ್ನು ಪ್ರತಿ ಬಲ್ಕ್‌ಹೆಡ್ಡಿನ ಮೇಲೂ ಪೆನ್ಸಿಲಿನಲ್ಲಿ ಗುರುತಿಸಿ, ಐದೈದು ಸಾಲಿನ ಗುಂಪು ಮಾಡಿಕೊಳ್ಳಿ. ಆಗ ತಪ್ಪು ಒಂದು ಗುಂಪಿನೊಳಗೇ ಉಳಿಯುತ್ತದೆ.

ಉಬ್ಬಿದ ಮೂತಿಯಲ್ಲಿ ನೇರ ಪಟ್ಟಿಯನ್ನು ಪಕ್ಕಕ್ಕೆ ಒತ್ತಿ ಬಾಗಿಸಿದರೆ ಒಂದಂಚು ಮೇಲೆದ್ದು, ಹಂಚು ಹೊದಿಸಿದ ಹಾಗೆ ಕಾಣುತ್ತದೆ. ಹಡಗು ಕಟ್ಟುವವರು ಹೀಗೆ ಒತ್ತುತ್ತಲೇ ಇರಲಿಲ್ಲ, ಅಗಲ ಹಲಗೆಯಿಂದ ಬಾಗಿದ ಆಕಾರವನ್ನೇ ಕೊಯ್ಯುತ್ತಿದ್ದರು. ನಾವೂ ಅದನ್ನೇ ಮಾಡಬಹುದು. ಖಾಲಿ ಜಾಗದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಆಗಲೇ ಕೂತಿರುವ ಹಲಗೆಯ ಅಂಚನ್ನು ಪೆನ್ಸಿಲಿನ ಬದಿಯಿಂದ ಉಜ್ಜಿ ಮೂಡಿಸಿ, ಟೇಪನ್ನು ಕಿತ್ತು 12 ಮಿ.ಮೀ. ಅಗಲದ ತೆಳು ಹಾಳೆಯ ಮೇಲೆ ಸುಕ್ಕಿಲ್ಲದೆ ಅಂಟಿಸಿ. ಆ ಗೆರೆಗೆ ಕತ್ತರಿಸಿ, ಇನ್ನೊಂದಂಚನ್ನು ಬಲ್ಕ್‌ಹೆಡ್ ಗುರುತುಗಳಿಂದ ಅಳೆದು ಎಳೆಯಿರಿ. ಮರ ವ್ಯರ್ಥವಾಗುತ್ತದೆ ನಿಜ. ಆದರೆ ಹೀಗೆ ಕೂತ ಹಲಗೆಗೆ ಕ್ಲಿಪ್ಪೇ ಬೇಕಾಗುವುದಿಲ್ಲ, ಅಷ್ಟು ನೆಮ್ಮದಿಯಾಗಿ ಮಲಗುತ್ತದೆ. ಕಷ್ಟ ಬರುವುದು ಮೂತಿಯಿಂದ ಐದಾರು ಬಲ್ಕ್‌ಹೆಡ್‌ವರೆಗೆ ಮಾತ್ರ. ನಡುಭಾಗಕ್ಕೆ ನೇರ ಪಟ್ಟಿ ಸಾಕು.

ಹಲಗೆಯ ಉದ್ದ 24 ಅಡಿ ಎಂದು ಹಿಡಿದರೆ 114 ಮಿ.ಮೀ. ತುದಿಗಳು ಕೂಡುವ ಜಾಗಗಳನ್ನು ಹಂಚುವಾಗ, ಒಂದೇ ಪಕ್ಕೆಲುಬಿನ ಮೇಲೆ ಎರಡು ಕೂಡುಗಳು ಬಂದರೆ ಅವುಗಳ ನಡುವೆ ಮೂರು ಸಾಲು ಇರಬೇಕು. ಅಕ್ಕಪಕ್ಕದ ಸಾಲುಗಳ ಕೂಡುಗಳಿಗೆ 5 ಅಡಿ, ಅಂದರೆ 24 ಮಿ.ಮೀ. ಅಂತರ ಬೇಕು.

ತಾಮ್ರದ ತಗಡು

ಹಲಗೆಪಟ್ಟಿ ಅವರೇ, ಅಂಟಿನ ಬಗ್ಗೆ ನೀವು ಏನೂ ಹೇಳಲಿಲ್ಲ. ಎರಡನೇ ಪದರಕ್ಕೆ ಸಿಎ, ಅಂದರೆ ಕ್ಷಣದಲ್ಲೇ ಹಿಡಿಯುವ ಸೈನೊಅಕ್ರಿಲೇಟ್ ಅಂಟು ಬಳಸಿದರೆ ಒಂದು ಸಾಲು ಕೂರಿಸಿ ಮರುಕ್ಷಣ ಮುಂದಿನದಕ್ಕೆ ಹೋಗಬಹುದಲ್ಲ? 0.6 ಮಿ.ಮೀ. ಹಲಗೆಗೆ ಕ್ಲಿಪ್ ಹಾಕುವುದೇ ತ್ರಾಸ.

ಹಲಗೆಪಟ್ಟಿ

ಒಪ್ಪುವುದು ಕಷ್ಟ. ಸಿಎ ಅಂಟು ತೆಳು ಮರದ ಎಳೆಯೊಳಗೆ ಹೀರಿಕೊಳ್ಳುತ್ತದೆ. ಆ ಜಾಗ ಮುಂದೆ ಎಣ್ಣೆಯನ್ನಾಗಲೀ ಅರಗಿನ ಪಾಲಿಶನ್ನಾಗಲೀ ಹಿಡಿಯುವುದಿಲ್ಲ, ಮಚ್ಚೆಯಾಗಿ ಉಳಿಯುತ್ತದೆ. ಅದರ ಆವಿ ಪಕ್ಕದಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ. ಪಿವಿಎ, ಅಂದರೆ ಮರಗೆಲಸದ ಬಿಳಿ ಅಂಟು ಹಾಕಿದ ಹಲಗೆ ತಪ್ಪಾಗಿ ಕೂತರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಸ್ವಲ್ಪ ಹೊತ್ತು ಬಿಟ್ಟು ಬಿಡಿಸಬಹುದು. ಸಿಎ ಬಿಡಿಸಲು ಅಸಿಟೋನ್ ಬೇಕು, ಅಷ್ಟರಲ್ಲಿ ಪಕ್ಕದ ಬಣ್ಣವೂ ಹೋಗಿರುತ್ತದೆ. ಕ್ಲಿಪ್ ತ್ರಾಸಕ್ಕೆ ಉಪಾಯ: ಹಲಗೆಗೂ ಒಡಲಿಗೂ ತೆಳುವಾಗಿ ಪಿವಿಎ ಸವರಿ ಪೂರ್ತಿ ಒಣಗಲು ಬಿಡಿ. ಆಮೇಲೆ ಜಾಗದಲ್ಲಿಟ್ಟು ಬಿಸಿ ಇಸ್ತ್ರಿಯ ತುದಿಯಿಂದ ಒತ್ತಿದರೆ ಎರಡೂ ಪದರ ಕರಗಿ ಕೂಡುತ್ತವೆ.

ತಾಮ್ರಕ್ಕೆ, ಹಿತ್ತಾಳೆಗೆ ಸಿಎ ಬೇಕೇ ಬೇಕು. ಅದರಲ್ಲಿ ತಕರಾರಿಲ್ಲ.

ನಕ್ಷೆನೋಟ

ತೋಪಿನ ಕಿಂಡಿಗಳ ವಿಷಯ ಬಿಟ್ಟುಹೋಗಬಾರದು, ಎರಡನೇ ಪದರಕ್ಕೆ ಮುಂಚೆಯೇ ಇದು ನಿಗದಿಯಾಗಬೇಕು. ಕಿಂಡಿಗಳ ಸಾಲು ಡೆಕ್ಕಿನ ಬಾಗನ್ನು ಅನುಸರಿಸುತ್ತದೆ, ವೇಲ್‌ನ ಬಾಗನ್ನಲ್ಲ. ಎರಡೂ ಸಮಾನಾಂತರ ಎಂದು ಭಾವಿಸಿ ವೇಲ್‌ನಿಂದ ಅಳೆದರೆ ನಡುವೆ ಸರಿ ಕಂಡರೂ ತುದಿಗಳಲ್ಲಿ ತೋಪಿನ ಬಾಯಿ ಕಿಂಡಿಯ ಚೌಕಟ್ಟಿಗೆ ತಗಲುತ್ತದೆ. ಒಂದು ತೋಪುಗಾಡಿಯನ್ನು ಮೊದಲು ಪೂರ್ತಿ ಕಟ್ಟಿ, ಡೆಕ್ಕಿನ ಮೇಲೆ ಪ್ರತಿ ಕಿಂಡಿಯ ಬಳಿಗೂ ಉರುಳಿಸಿ, ನಳಿಕೆಯ ನಡುವನ್ನು ಹೊರಗೆ ಗುರುತಿಸಿ. ಡೆಕ್ಕಿಗೆ ಇನ್ನೂ ಹಲಗೆ ಹೊದಿಸಿಲ್ಲದಿದ್ದರೆ ಅದರ ದಪ್ಪವನ್ನು ಗಾಲಿಯ ಕೆಳಗೆ ಇಡಲು ಮರೆಯಬೇಡಿ. ಆ ಒಂದು ಮಿ.ಮೀ. ಮರೆತರೆ 28 ತೋಪುಗಳೂ ಕಿಂಡಿಯ ಮೇಲಂಚಿನ ಕಡೆಗೆ ಏರಿ ಕೂರುತ್ತವೆ.

ಮುಖ್ಯ ಡೆಕ್ಕಿನಲ್ಲಿ 28 ತೋಪುಗಳು, 18 ಪೌಂಡ್ ತೂಕದ ಗುಂಡು ಹಾರಿಸುವಂಥವು. 8 ಅಡಿಯ ನಳಿಕೆ ಮಾದರಿಯಲ್ಲಿ 38 ಮಿ.ಮೀ., 9 ಅಡಿಯದಾದರೆ 43.

ಡೆಕ್ಕಿನ ಹಲಗೆಗಳ ನಡುವಿನ ಕಪ್ಪು ಸಂದಿಗೂ ಅಳತೆ ಇದೆ. ನಿಜದಲ್ಲಿ ಅದು ಕಾಲಿಂಚಿನಷ್ಟು, ಇಲ್ಲಿ 0.1 ಮಿ.ಮೀ. ಹಲಗೆಯ ಒಂದೇ ಅಂಚಿಗೆ ಮೆದು ಪೆನ್ಸಿಲ್ ಉಜ್ಜಿದರೆ ಸಾಕು. ಮಾರ್ಕರ್ ಬೇಡ, ಪಾಲಿಶ್ ಹಚ್ಚಿದ ಕ್ಷಣ ಶಾಯಿ ಎಳೆಯುದ್ದಕ್ಕೂ ಹರಡುತ್ತದೆ.

ಅರ ಮತ್ತು ಉಳಿ

ಅದೇ ನ್ಯಾಯ ಮರದ ಮೊಳೆಗಳಿಗೂ. ಒಂದೂಕಾಲು ಇಂಚಿನ ಮೊಳೆ 0.5 ಮಿ.ಮೀ. ಬಿದಿರಿನ ಕಡ್ಡಿಯನ್ನು ತೂತಿನ ತಗಡಿನಲ್ಲಿ ಒಂದೊಂದೇ ಅಳತೆ ಇಳಿಸುತ್ತ ಎಳೆದರೆ 0.5ರವರೆಗೆ ಮುರಿಯದೆ ಬರುತ್ತದೆ. ಬಿದಿರಿನ ಹೊರಸಿಪ್ಪೆಗೆ ಹತ್ತಿರದ ಭಾಗವನ್ನೇ ಆರಿಸಿ, ಒಳಭಾಗ ಪುಡಿಯಾಗುತ್ತದೆ. 0.8 ಮಿ.ಮೀ. ಮೊಳೆ ಹಾಕಿದರೆ ಹಡಗಿಗೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಅಷ್ಟು ಸಣ್ಣದು ಮಾಡಲಾಗದಿದ್ದರೆ ಹಾಕದಿರುವುದೇ ಮೇಲು. ನೀರಿನ ಮಟ್ಟದ ಕೆಳಗಂತೂ ಬೇಡ, ಅಲ್ಲಿ ಹೇಗೂ ತಾಮ್ರ ಬರುತ್ತದೆ.

ತಾಮ್ರದ ತಗಡು

ನಿಜ ಹಡಗಿನ ತಾಮ್ರದ ತಗಡು 4 ಅಡಿ ಉದ್ದ, 14 ಇಂಚು ಅಗಲ. ಇಲ್ಲಿ 19 × 5.5 ಮಿ.ಮೀ. 6 ಮಿ.ಮೀ. ತಾಮ್ರದ ಟೇಪನ್ನು ಹಾಗೆಯೇ ಬಳಸಿ, ಅರ್ಧ ಮಿ.ಮೀ. ಮುಂದಿನ ಸಾಲಿನಡಿ ಹೋಗುವಂತೆ ಮಾಡಿದರೆ ಕತ್ತರಿಸುವ ಕೆಲಸ ಉಳಿಯುತ್ತದೆ. ಎರಡೂ ಬದಿಗೆ ಸೇರಿ ಸಾವಿರಕ್ಕೂ ಮಿಕ್ಕಿ ತುಂಡುಗಳು ಬೇಕು, ಆದ್ದರಿಂದ 19 ಮಿ.ಮೀ.ಗೆ ತಡೆಯಿರುವ ಕತ್ತರಿ ಅಚ್ಚು ಮೊದಲು ಮಾಡಿಕೊಳ್ಳಿ.

ಕೀಲ್ ಬಳಿ, ಚುಕ್ಕಾಣಿ ಕಂಬದಿಂದ ಶುರುಮಾಡಿ ಮುಂದಕ್ಕೆ ಬನ್ನಿ. ಹೀಗೆ ಬಂದರೆ ಮುಂದಿನ ತಗಡಿನ ಹಿಂದಂಚು ಹಿಂದಿನ ತಗಡಿನ ಮೇಲೆ ಕೂರುತ್ತದೆ, ಎದುರು ನೀರು ಅಂಚಿನಡಿ ನುಗ್ಗಿ ತಗಡನ್ನು ಎಬ್ಬಿಸುವುದಿಲ್ಲ. ಮೂತಿಯಿಂದ ಹಿಂದಕ್ಕೆ ಹೊದಿಸಿದ ಮಾದರಿಗಳಲ್ಲಿ ಈ ಅಂಚುಗಳು ಪೂರ್ತಿ ಉಲ್ಟಾ.

ಮೊಳೆಯ ಗುಬ್ಬಿಗಳನ್ನು ಒತ್ತಿ ಎಬ್ಬಿಸುವುದು ಈ ಅಳತೆಗೆ ಅತಿಯಾಗುತ್ತದೆ. ನಿಜ ಮೊಳೆಯ ತಲೆ ಮೈಗೆ ಸಮವಾಗಿ ಕೂರುತ್ತಿತ್ತು.

ಟೇಪ್ ಅಂಟಿಸುವ ಮೊದಲು ಮರಕ್ಕೆ ಅರಗಿನ ಪಾಲಿಶ್ ಎರಡು ಕೈ ಹಚ್ಚಿ, 240ರ ಉಪ್ಪುಕಾಗದದಿಂದ ಉಜ್ಜಿ, ಧೂಳು ಪೂರ್ತಿ ತೆಗೆಯಿರಿ. ಬರಿ ಮರದ ಮೇಲಿನ ಟೇಪ್ ತಿಂಗಳುಗಳಲ್ಲಿ ಅಂಚು ಬಿಡುತ್ತದೆ. ಕೈಗವಸು ಕಡ್ಡಾಯ, ಬೆವರಿನ ಬೆರಳಚ್ಚು ಮೊದಲು ಕಾಣುವುದಿಲ್ಲ, ಕೆಲವು ವಾರಗಳ ಮೇಲೆ ತಾಮ್ರದಲ್ಲಿ ಕಂದುಗಟ್ಟಿ ಮೂಡುತ್ತದೆ. ಮೂಡಿದ್ದರೆ ವಿನೆಗರ್‌ಗೆ ಚಿಟಿಕೆ ಉಪ್ಪು ಹಾಕಿ ಒರೆಸಿ, ತಕ್ಷಣ ಒದ್ದೆ ಬಟ್ಟೆಯಿಂದ ಆಮ್ಲ ತೆಗೆಯಿರಿ.

ಎಡಹುರಿ

ಹಾಯಿಕಂಬ ಮತ್ತು ಹಗ್ಗಕ್ಕೆ ಬರೋಣ.

ಕಂಬವನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ಉಜ್ಜುವವರಿದ್ದಾರೆ. 6 ಮಿ.ಮೀ. ದಪ್ಪದ ಉದ್ದ ಕಡ್ಡಿ ನಡುವೆ ಚಾಟಿಯಂತೆ ಬಳುಕುತ್ತದೆ, ದಪ್ಪ ಎಲ್ಲೂ ಸಮ ಬರುವುದಿಲ್ಲ. ಚೌಕ ಕಡ್ಡಿಯಿಂದ ಶುರುಮಾಡಿ. ಮೊದಲು ಚೌಕವಾಗಿಯೇ ಸಣ್ಣಗಾಗಿಸಿ, ಆಮೇಲೆ ಎಂಟು ಮುಖ, ಹದಿನಾರು, ದುಂಡು. ಎಂಟು ಮುಖದ ಗೆರೆ ಎಳೆಯಲು 7:10:7 ಎಂಬ ಪಾಲು ನೆನಪಿಡಿ: ಚೌಕದ ಮುಖವನ್ನು 24 ಪಾಲು ಮಾಡಿ, ಎರಡೂ ಅಂಚಿನಿಂದ 7 ಪಾಲಿಗೆ ಗೆರೆ.

ಹಾಯಿ ಕಟ್ಟುವ ಅಡ್ಡಕಂಬ, ಅಂದರೆ ಯಾರ್ಡ್, ನಡುವಿನಿಂದ ತುದಿಗೆ ನೇರ ಗೆರೆಯಲ್ಲಿ ಸಣ್ಣಗಾಗುವುದಿಲ್ಲ. ನಡುವಿನಿಂದ ತುದಿಯವರೆಗೆ ನಾಲ್ಕು ಪಾಲು ಮಾಡಿದರೆ ದಪ್ಪ ಕ್ರಮವಾಗಿ ನಡುವಿನ 30/31, 7/8, 7/10, 3/7. ನಡುವೆ 7 ಮಿ.ಮೀ. ಇದ್ದರೆ 6.8, 6.1, 4.9, 3.0. ಮೊದಲ ಕಾಲುಭಾಗ ಹೆಚ್ಚುಕಡಿಮೆ ನೇರ, ಕೊನೆಯಲ್ಲಿ ಬೇಗ ಇಳಿಯುತ್ತದೆ. ನೇರ ಇಳಿಸಿದ ಯಾರ್ಡ್ ಪೆನ್ಸಿಲಿನಂತೆ ಕಾಣುತ್ತದೆ. ಯಾರ್ಡಿನ ಮೇಲಿನ ಬ್ಲಾಕ್‌ಗಳನ್ನು, ಅಂದರೆ ರಾಟೆಗಳನ್ನು, ಕಂಬಕ್ಕೇರಿಸುವ ಮೊದಲೇ ಎಲ್ಲವನ್ನೂ ಕಟ್ಟಿಬಿಡಿ. ಮೇಲೇರಿದ ಮೇಲೆ ಕೈ ಹೋಗುವುದಿಲ್ಲ.

ಹಗ್ಗದಲ್ಲಿ ಎಲ್ಲರೂ ಮುಗ್ಗರಿಸುವ ಜಾಗ: ಹಳೆಯ ಕೋಷ್ಟಕಗಳಲ್ಲಿ ಹಗ್ಗದ ಅಳತೆ ಸುತ್ತಳತೆ, ದಪ್ಪವಲ್ಲ. 10 ಇಂಚಿನ ಹಗ್ಗ ಎಂದರೆ ದಪ್ಪ 3.18 ಇಂಚು, ಇಲ್ಲಿ 1.26 ಮಿ.ಮೀ. ಅದನ್ನೇ ದಪ್ಪ ಎಂದು ಹಿಡಿದರೆ 4 ಮಿ.ಮೀ. ಹಗ್ಗ ಕಟ್ಟುತ್ತೀರಿ. ಸಿಕ್ಕ ನೂಲನ್ನು ಅಳೆಯಲು ಪೆನ್ಸಿಲಿನ ಮೇಲೆ 20 ಸುತ್ತು ಒತ್ತಾಗಿ ಸುತ್ತಿ, ಉದ್ದವನ್ನು 20ರಿಂದ ಭಾಗಿಸಿ.

ಹುರಿಯ ದಿಕ್ಕೂ ಮುಖ್ಯ. ಹಾಯಿ ಎಳೆಯಲು ಓಡಾಡುವ ಹಗ್ಗಗಳು ಬಲಹುರಿ. ಲಂಗರಿನ ಹಗ್ಗ ಎಡಹುರಿ, ಏಕೆಂದರೆ ಅದು ಮೂರು ಬಲಹುರಿ ಹಗ್ಗಗಳನ್ನು ಮತ್ತೆ ಸೇರಿಸಿ ಹೊಸೆದದ್ದು. ಪ್ರತಿ ಹಂತದ ಹುರಿ ಹಿಂದಿನದಕ್ಕೆ ಎದುರಾಗಿರಬೇಕು, ಇಲ್ಲದಿದ್ದರೆ ಬಿಚ್ಚಿಕೊಳ್ಳುತ್ತದೆ. ನೀವೇ ಹೊಸೆಯುವಾಗಲೂ ನೂಲಿನ ಮೂಲ ಹುರಿ ಯಾವ ಕಡೆಗಿದೆ ನೋಡಿ, ಅದಕ್ಕೆ ವಿರುದ್ಧವಾಗಿ ಹೊಸೆಯಿರಿ.

ನೂಲು ಪಾಲಿಯೆಸ್ಟರ್ ಇರಲಿ. ಹತ್ತಿ, ನಾರುಬಟ್ಟೆಯ ನೂಲು ಮಳೆಗಾಲದಲ್ಲಿ ಬಿಗಿದು ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಒಂದು ವರ್ಷದೊಳಗೆ ಸಣ್ಣ ಕಂಬಗಳ ತುದಿ ಬಾಗಿರುತ್ತದೆ.

ಕೂವೆಮರ

ಎಡಹುರಿ ಅವರೇ, ಕಂಬದ ಪಕ್ಕದ ಶ್ರೌಡ್ ಹಗ್ಗಗಳನ್ನೂ ಬಿಡಿಸಿ ಹೇಳಿ. ಡೆಡ್‌ಐಗಳು ಎತ್ತರ ತಗ್ಗಾಗುವುದು ಎಲ್ಲ ಮಾದರಿಗಳಲ್ಲೂ ಎದ್ದು ಕಾಣುವ ದೋಷ.

ಎಡಹುರಿ

ಹೇಳುತ್ತೇನೆ, ಆದರೆ ಅದಕ್ಕೂ ಒಂದು ಹೆಜ್ಜೆ ಹಿಂದಿನಿಂದ. ಡೆಡ್‌ಐ ಎಂದರೆ ಮೂರು ತೂತಿನ ದುಂಡು ಮರದ ತುಂಡು. ಕೆಳಗಿನದು ಒಡಲ ಪಕ್ಕಕ್ಕೆ ಚಾಚಿದ ಹಲಗೆಯ ಮೇಲೆ ಕೂರುತ್ತದೆ, ಅದನ್ನು ಹಿಡಿದಿರುವ ಕಬ್ಬಿಣದ ಸರಪಣಿ ಒಡಲಿಗೆ ಇಳಿಯುತ್ತದೆ. ಆ ಸರಪಣಿ ಶ್ರೌಡ್‌ನ ಓರೆಗೇ ಮುಂದುವರಿಯಬೇಕು, ನೇರ ಕೆಳಕ್ಕಲ್ಲ. ಕಂಬವನ್ನು ಅಂಟಿಸದೆ ನಿಲ್ಲಿಸಿ, ಅದರ ಹಿಂದಿನ ಓರೆ ನಕ್ಷೆಗೆ ಹೊಂದಿದೆಯೇ ನೋಡಿಕೊಂಡು, ಶ್ರೌಡ್ ಕಟ್ಟುವ ಎತ್ತರದಿಂದ ಒಂದು ದಾರವನ್ನು ಪ್ರತಿ ಡೆಡ್‌ಐ ಜಾಗದ ಮೂಲಕ ಒಡಲಿಗೆ ಎಳೆಯಿರಿ. ದಾರ ಮುಟ್ಟಿದ ಜಾಗವೇ ಸರಪಣಿಯ ತುದಿ. ಯಾವುದಾದರೂ ದಾರ ತೋಪಿನ ಕಿಂಡಿಯ ಎದುರು ಹಾದರೆ ಆ ಡೆಡ್‌ಐಯನ್ನು ಈಗಲೇ ಪಕ್ಕಕ್ಕೆ ಸರಿಸಬೇಕು.

ಶ್ರೌಡ್‌ಗಳನ್ನು ಜೋಡಿಯಾಗಿ ಕಂಬದ ತಲೆಗೆ ಹಾಕುತ್ತಾರೆ. ಮೊದಲು ಬಲಬದಿಯ ಮುಂದಿನ ಜೋಡಿ, ಆಮೇಲೆ ಎಡಬದಿಯ ಮುಂದಿನದು, ಹೀಗೇ ಸರದಿ. ಮೇಲಿನ ಡೆಡ್‌ಐ ಎತ್ತರಕ್ಕೆ ಗಟ್ಟಿ ತಂತಿಯ ಅಚ್ಚು ಮಾಡಿ: ಎರಡು ತುದಿಗಳನ್ನು ಒಂದೇ ಕಡೆಗೆ ಮಡಿಸಿ, ಒಂದನ್ನು ಕೆಳಗಿನ ಡೆಡ್‌ಐ ತೂತಿಗೆ, ಇನ್ನೊಂದನ್ನು ಮೇಲಿನದಕ್ಕೆ ಸಿಕ್ಕಿಸಿ. ಹಗ್ಗವನ್ನು ಸುತ್ತಿ ತಾತ್ಕಾಲಿಕ ಕ್ಲಿಪ್ ಹಾಕಿ, ಕಟ್ಟು ಬಿಗಿದು, ಅಚ್ಚು ತೆಗೆಯಿರಿ. ಆದರೆ ಪೂರ್ತಿ ಬಿಗಿಯಬೇಡಿ. ಕಂಬವನ್ನು ಮುಂಭಾಗದಿಂದ ಹಿಡಿಯುವ ಸ್ಟೇ ಹಗ್ಗ ಎಳೆದಾಗ ಕಂಬ ಕೂದಲೆಳೆ ಮುಂದೆ ಬರುತ್ತದೆ, ಶ್ರೌಡ್‌ಗಳೆಲ್ಲ ಆಗ ಬಿಗಿಯುತ್ತವೆ. ಎಲ್ಲ ಸ್ಟೇಗಳೂ ಮುಗಿದ ಮೇಲೆ ಡೆಡ್‌ಐ ನಡುವಿನ ಹಗ್ಗದಲ್ಲಿ ಕೊನೆಯ ಬಿಗಿ ಕೊಟ್ಟು ಗಂಟಿಗೆ ಅಂಟು ಸವರಿ.

ರ್‍ಯಾಟ್‌ಲೈನ್, ಅಂದರೆ ಹತ್ತುವ ಮೆಟ್ಟಿಲು ಹಗ್ಗಗಳ ಅಂತರ 13ರಿಂದ 15 ಇಂಚು, ಇಲ್ಲಿ 5.2ರಿಂದ 6 ಮಿ.ಮೀ. ನೂಲು 0.2 ಮಿ.ಮೀ. ಗೆರೆ ಎಳೆದ ಬಿಳಿ ಕಾಗದವನ್ನು ಶ್ರೌಡ್ ಹಿಂದೆ ಸಿಕ್ಕಿಸಿ. ಗೆರೆಗಳು ನೀರಿನ ಮಟ್ಟಕ್ಕೆ ಸಮಾನಾಂತರ ಇರಬೇಕು, ಹಡಗಿನ ಬಾಗಿದ ಅಂಚಿಗಲ್ಲ. ಕೆಳಗಿನಿಂದ ಒಂದೊಂದೇ ಕಟ್ಟುತ್ತ ಹೋದರೆ ಪ್ರತಿ ಗಂಟೂ ಅಂಚಿನ ಶ್ರೌಡನ್ನು ಚೂರು ಒಳಕ್ಕೆ ಎಳೆಯುತ್ತದೆ, ಮೇಲೆ ಹೋದಂತೆ ಅದು ಸೇರುತ್ತ ಸೇರುತ್ತ ನಡು ಡಮರುವಿನಂತಾಗುತ್ತದೆ. ಆದ್ದರಿಂದ ಮೊದಲು ಆರಕ್ಕೊಂದರಂತೆ ಕಟ್ಟಿ, ಆಮೇಲೆ ನಡುವಿನವನ್ನು ತುಂಬಿ. ನಡುವಿನ ಶ್ರೌಡ್‌ಗಳಿಗೆ ಕ್ಲೋವ್ ಗಂಟು, ಎರಡು ತುದಿಗೆ ಸಣ್ಣ ಕುಣಿಕೆ ಮಾಡಿ ಕಟ್ಟು. ತುದಿಗೂ ಗಂಟೇ ಹಾಕುವುದಾದರೆ ಎಳೆಯದೆ, ಜೋತುಬೀಳುವಷ್ಟು ಸಡಿಲ ಬಿಟ್ಟು, ನೀರು ಬೆರೆಸಿದ ಪಿವಿಎ ಮುಟ್ಟಿಸಿ.

ತಾಮ್ರದ ತಗಡು

ನೂಲಿಗೆ ಜೇನುಮೇಣ ಹಚ್ಚಬೇಕೇ ಬೇಡವೇ?

ಎಡಹುರಿ

ಪಾಲಿಯೆಸ್ಟರ್‌ಗೆ ಬೇಡ. ಮೇಣ ನೂಲಿನ ಜುಂಗನ್ನು ಮಲಗಿಸುತ್ತದೆ ನಿಜ, ಆದರೆ ಧೂಳನ್ನೂ ಹಿಡಿಯುತ್ತದೆ. ಮೇಣ ಹಚ್ಚಿದ ಗಂಟಿಗೆ ಪಿವಿಎ ಅಂಟುವುದಿಲ್ಲ. ಜುಂಗು ಇದ್ದರೆ ಮೇಣದಬತ್ತಿಯ ಉರಿಯ ಬದಿಯಲ್ಲಿ ಬೇಗನೆ ಎಳೆದು ಸುಟ್ಟುಬಿಡಿ.

ನಕ್ಷೆನೋಟ

ಪೆಟ್ಟಿಗೆಯ ಮಾತು ಶುರುವಿನಲ್ಲೇ ಬಂದದ್ದರಿಂದ ಇದನ್ನು ಸೇರಿಸುತ್ತೇನೆ. ತೋಪು, ಲಂಗರು ಸೀಸ ಬೆರೆತ ಎರಕದ್ದಾದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಅವುಗಳ ಮೇಲೆ ಬಿಳಿ ಪುಡಿ ಎದ್ದು ಒಳಗಿಂದಲೇ ತಿಂದುಹಾಕುತ್ತದೆ. ಪ್ಲೈ, ಓಕ್, ಕೆಲವು ಅಂಟುಗಳು ನಿಧಾನವಾಗಿ ಬಿಡುವ ಅಸೆಟಿಕ್ ಆಮ್ಲದ ಆವಿ ಇದಕ್ಕೆ ಕಾರಣ. ಬಣ್ಣ ಬಳಿದರೂ ನಿಲ್ಲುವುದಿಲ್ಲ. ತೋಪುಗಳನ್ನು ಹಿತ್ತಾಳೆಯಲ್ಲಿ ಕಡೆಸಿ, ಇಲ್ಲವೇ ರೆಸಿನ್‌ನಲ್ಲಿ ಎರೆಯಿರಿ. ಪೆಟ್ಟಿಗೆಯ ತಳಕ್ಕೆ ಓಕ್ ಬೇಡ. ತಳದಲ್ಲಿ ಎರಡು ಮೂಲೆಗೆ, ಮೇಲೆ ಎದುರು ಮೂಲೆಗೆ 10 ಮಿ.ಮೀ. ತೂತು ಕೊರೆದು, ಧೂಳು ಬಾರದಂತೆ ಒಳಗಿನಿಂದ ತೆಳು ಬಟ್ಟೆ ಅಂಟಿಸಿದರೆ ಗಾಳಿ ಆಡುತ್ತದೆ.